14ರೊಳಗಿನ ಹುಡುಗರ ಬ್ಯಾಸ್ಕೆಟ್‌ಬಾಲ್ ಟೀಮ್: ಪಾಯಿಂಟ್ ಪಟ್ಟಿ ನೋಡಿ ಆರಿಸೋದು ಸರೀನಾ?

ಹಳೇ ಪಾಯಿಂಟ್ ಗಾರ್ಡ್ (ಮೈಸೂರು)

ನಮ್ಮ ಬಡಾವಣೆಯ ಕ್ಲಬ್‌ನಲ್ಲಿ 14 ವರ್ಷದೊಳಗಿನ ಹುಡುಗರ ಟೀಮ್ ಆರಿಸುವ ಕೆಲಸ ಈ ಸಲ ನಾಲ್ಕು ಜನರ ಮೇಲೆ ಬಿದ್ದಿದೆ. ಅದರಲ್ಲಿ ನಾನೂ ಒಬ್ಬ. ಜಾಗ ಇರುವುದು 12. ಬಂದಿರುವ ಹುಡುಗರು ಅದರ ಎರಡರಷ್ಟು. ಕಮಿಟಿಯ ಒಬ್ಬರು ಹೋದ ವರ್ಷದ ಸ್ಕೋರ್‌ಶೀಟ್‌ಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿಕೊಂಡು ಬಂದಿದ್ದಾರೆ. ಒಬ್ಬೊಬ್ಬನ ಹೆಸರಿನ ಎದುರೂ ಮ್ಯಾಚ್‌ಗೆ ಇಷ್ಟು ಪಾಯಿಂಟ್ ಅಂತ ಸರಾಸರಿ. ಮೇಲಿನಿಂದ 12 ಹೆಸರು ಎಣಿಸಿ ಮುಗಿಸೋಣ, ಯಾರೂ ಬೆರಳು ತೋರಿಸುವ ಹಾಗಿಲ್ಲ ಅನ್ನುತ್ತಾರೆ.

ನನಗೆ ಇದು ಮನಸ್ಸಿಗೆ ಬರುತ್ತಿಲ್ಲ. ಪಟ್ಟಿಯ ಮೇಲಿರುವವರಲ್ಲಿ ಸುಮಾರು ಜನ ಬೇರೆ ಹುಡುಗರಿಗಿಂತ ಮೊದಲೇ ಉದ್ದ ಬೆಳೆದವರು. ರಿಂಗ್ ಕೆಳಗೆ ನಿಂತರೆ ಬಾಲ್ ಅವರ ಕೈಗೇ ಬರುತ್ತದೆ. ಪಟ್ಟಿಯ ತಳದಲ್ಲಿ ಒಬ್ಬ ಸಣ್ಣ ಹುಡುಗ ಇದ್ದಾನೆ. ಎಡಗೈ, ಬಲಗೈ ಎರಡರಲ್ಲೂ ಡ್ರಿಬಲ್ ಮಾಡುತ್ತಾನೆ, ಅಂದರೆ ಬಾಲ್ ಪುಟಿಸಿಕೊಂಡು ಹೋಗುತ್ತಾನೆ. ಬಾಲ್ ನೋಡದೆ ತಲೆ ಎತ್ತಿಕೊಂಡು ಓಡುತ್ತಾನೆ. ಯಾರು ಖಾಲಿ ಇದ್ದಾರೆ ಅಂತ ಅವನಿಗೆ ಬೇರೆಯವರಿಗಿಂತ ಒಂದು ಕ್ಷಣ ಮೊದಲೇ ಗೊತ್ತಾಗುತ್ತದೆ. ಆದರೆ ಅವನಿಗೆ ಸಿಕ್ಕಿದ್ದು ಕೊನೆಯ ಕ್ವಾರ್ಟರ್‌ನ ಕೊನೆಯ ಎರಡು ಮೂರು ನಿಮಿಷ. ಅದೂ ಮ್ಯಾಚ್ ಕೈತಪ್ಪಿದ ಮೇಲೆ. ಅವನ ಸಾಲಿನಲ್ಲಿ ಬರೀ ಸೊನ್ನೆ.

ಆಡಿಸಿದವರು ನಾವು, ಸೊನ್ನೆ ಮಾತ್ರ ಅವನ ಹೆಸರಿಗೆ. ನೀವೆಲ್ಲ ಏನಂತೀರಿ?

ಅಂಕಿ ಮಹಾಶಯ (ಊರು ಮದ್ದೂರು, ಇರೋದು ಬೆಂಗಳೂರು)

ಸರ್, ನಾನು ಪಟ್ಟಿಯ ಪರ. ಬೈಯುವುದಾದರೆ ಪೂರ್ತಿ ಓದಿ ಬೈಯಿರಿ.

ನಾನು ಹೈಸ್ಕೂಲಿನಲ್ಲಿ ಆಡುವಾಗ ಯಾವ ಪಟ್ಟಿಯೂ ಇರಲಿಲ್ಲ. ಸೆಲೆಕ್ಷನ್ ಅಂದರೆ ಕೋಚ್ ಕಣ್ಣು. ಆ ಕಣ್ಣಿಗೆ ಪ್ರತಿ ಸಲವೂ ಕಾಣುತ್ತಿದ್ದದ್ದು ಅಪ್ಪನ ಜೊತೆ ಕಾರಿನಲ್ಲಿ ಬಂದು ಇಳಿಯುವ ಹುಡುಗ. ‘ಇವನಲ್ಲಿ ಏನೋ ಇದೆ, ಮುಂದೆ ಬರ್ತಾನೆ’ ಅನ್ನುವ ಮಾತು ಯಾರ ಬಗ್ಗೆ ಬರುತ್ತಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. ಬಸ್ಸಿನಲ್ಲಿ ಬಂದವನು ಎಷ್ಟು ಬಾಸ್ಕೆಟ್ ಹಾಕಿದರೂ ‘ಪರವಾಗಿಲ್ಲ, ಇನ್ನೂ ಕಲೀಬೇಕು’.

‘ಬೆಳವಣಿಗೆ’, ‘ಅವಕಾಶ’ ಎಲ್ಲ ಕೇಳುವುದಕ್ಕೆ ಚೆಂದ. ಅವನ್ನು ಅಳೆಯುವವರು ಯಾರು? ಯಾರೂ ಅಳೆಯದಿದ್ದರೆ ಅಲ್ಲಿ ಶಿಫಾರಸು ನುಗ್ಗುತ್ತದೆ. 18 ಪಾಯಿಂಟ್ ಅಂತ ಬರೆದಿದ್ದರೆ ಅದನ್ನು ಯಾವ ಕಾರ್ಪೊರೇಟರ್ ಫೋನ್ ಮಾಡಿದರೂ 8 ಮಾಡಲಾಗುವುದಿಲ್ಲ. ಬಡವರ ಮಕ್ಕಳಿಗೆ ಇರುವ ಒಂದೇ ಸಾಕ್ಷಿ ಅದು.

ಸ್ಕೋರ್‌ಟೇಬಲ್ (ಮಂಡ್ಯ)

ಮ್ಯಾಚ್‌ಗಳಲ್ಲಿ ಟೇಬಲ್‌ನಲ್ಲಿ ಕೂತು ಶೀಟ್ ಬರೆಯುವವನು ನಾನು. ವಾದ ಮುಂದೆ ಹೋಗುವ ಮೊದಲು ಆ ಶೀಟ್‌ನಲ್ಲಿ ಏನಿರುತ್ತದೆ ಅಂತ ಹೇಳಿಬಿಡುತ್ತೇನೆ.

ಫಿಬಾದ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ಕಾಗದದ ಸ್ಕೋರ್‌ಶೀಟ್‌ನಲ್ಲಿ ಇರುವುದು ಆಟಗಾರರ ಹೆಸರು, ಜೆರ್ಸಿ ನಂಬರ್, ಫೌಲ್, ಟೈಮ್‌ಔಟ್, ಬಲಗಡೆ ರನ್ನಿಂಗ್ ಸ್ಕೋರ್. ಹುಡುಗ ಕೋರ್ಟ್‌ಗೆ ಇಳಿದರೆ ಹೆಸರಿನ ಎದುರು ಒಂದು ಇಂಟು ಗುರುತು. ಶುರುವಿನ ಐದು ಜನರಲ್ಲಿ ಒಬ್ಬನಾದರೆ ಆ ಗುರುತಿಗೆ ಒಂದು ಸುತ್ತು. ಎಷ್ಟು ನಿಮಿಷ ಆಡಿದ ಅನ್ನುವುದಕ್ಕೆ ಕಾಲಂ ಇಲ್ಲ. ರೀಬೌಂಡ್ (ತಪ್ಪಿದ ಶಾಟ್‌ನ ಬಾಲ್ ಹಿಡಿದದ್ದು) ಇಲ್ಲ. ಅಸಿಸ್ಟ್ (ಬಾಸ್ಕೆಟ್‌ಗೆ ದಾರಿ ಮಾಡಿಕೊಟ್ಟ ಪಾಸ್) ಇಲ್ಲ. ಟರ್ನೋವರ್ (ಎದುರಾಳಿಗೆ ಬಾಲ್ ಕಳೆದುಕೊಂಡದ್ದು) ಇಲ್ಲ. ಮಿಸ್ ಆದ ಶಾಟ್ ಕೂಡ ಇಲ್ಲ.

ಅಂದರೆ 20 ಸಲ ಹೊಡೆದು 12 ಪಾಯಿಂಟ್ ಮಾಡಿದವನೂ 7 ಸಲ ಹೊಡೆದು 12 ಮಾಡಿದವನೂ ಶೀಟ್‌ನಲ್ಲಿ ಒಂದೇ. ಎದುರಾಳಿಯ ಒಳ್ಳೆ ಶೂಟರ್‌ಗೆ ಇಡೀ ಮ್ಯಾಚ್ ಬಾಲೇ ಸಿಗದ ಹಾಗೆ ಮಾಡಿದ ಹುಡುಗ ಇದ್ದಾನಲ್ಲ, ಅವನ ಕೆಲಸಕ್ಕೆ ಶೀಟ್‌ನಲ್ಲಿ ಸಿಗುವ ಗುರುತು ಮೂರು ಫೌಲ್.

ದೊಡ್ಡ ಟೂರ್ನಮೆಂಟ್‌ಗಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಎಲ್ಲ ಬರೆಯುತ್ತಾರೆ, ಸರಿ. ನಮ್ಮ ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ‘ಸ್ಟ್ಯಾಟಿಸ್ಟಿಕ್ಸ್’ ಅಂದರೆ ಪಾಯಿಂಟು ಮತ್ತು ಫೌಲು. ಅಷ್ಟನ್ನು ಎಕ್ಸೆಲ್‌ಗೆ ಹಾಕಿದ ಮಾತ್ರಕ್ಕೆ ಅದು ಜಾಸ್ತಿ ಹೇಳುವುದಿಲ್ಲ.

ಅಂಕಿ ಮಹಾಶಯ

ಟೇಬಲ್ ಸರ್, ನೀವು ಹೇಳಿದ್ದರಿಂದ ನನ್ನ ವಾದವೇ ಗಟ್ಟಿಯಾಯಿತು. ಲೆಕ್ಕ ಸಾಲದು ಅಂದರೆ ಇನ್ನೂ ಜಾಸ್ತಿ ಲೆಕ್ಕ ಇಡಬೇಕು. ಲೆಕ್ಕವೇ ಬೇಡ ಅಂತ ಹೇಗಾಗುತ್ತದೆ?

ಮೊದಲು ನಿಮಿಷ ಬರೆಯಿರಿ. ಒಂದು ಉದಾಹರಣೆ ಹಾಕಿಕೊಳ್ಳಿ. ಒಬ್ಬ 32 ನಿಮಿಷ ಆಡಿ 16 ಪಾಯಿಂಟ್ ಮಾಡಿದ. ಇನ್ನೊಬ್ಬ 6 ನಿಮಿಷ ಆಡಿ 4 ಮಾಡಿದ. ಪಟ್ಟಿಯಲ್ಲಿ ಮೊದಲನೆಯವನು ನಾಲ್ಕು ಪಟ್ಟು ದೊಡ್ಡವನು. ನಿಮಿಷದ ಲೆಕ್ಕದಲ್ಲಿ ಎರಡನೆಯವನೇ ಸ್ವಲ್ಪ ಮುಂದೆ. ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯಲ್ಲಿ ಮ್ಯಾಚ್ 48 ನಿಮಿಷ. ಅಲ್ಲಿ ಎಲ್ಲರ ಅಂಕಿಯನ್ನೂ 36 ನಿಮಿಷಕ್ಕೆ ಇಳಿಸಿ ಹೋಲಿಸುವ ರೂಢಿ ಇದೆ. ನಮ್ಮ 40 ನಿಮಿಷದ ಆಟಕ್ಕೆ 30ಕ್ಕೋ 10ಕ್ಕೋ ಇಳಿಸಿಕೊಳ್ಳಿ.

ಆದರೆ ಇದಕ್ಕೂ ಒಂದು ಮಿತಿ ಇದೆ. ಅದನ್ನು ನಾನೇ ಹೇಳುತ್ತೇನೆ, ಇಲ್ಲದಿದ್ದರೆ ನೀವು ಹಿಡಿದುಕೊಳ್ಳುತ್ತೀರಿ. 6 ನಿಮಿಷದಲ್ಲಿ 4 ಪಾಯಿಂಟ್ ಅಂದರೆ ಎರಡು ಬಾಸ್ಕೆಟ್. ಒಂದು ರಿಂಗ್‌ಗೆ ತಾಗಿ ಹೊರಗೆ ಹೋಗಿದ್ದರೆ ಲೆಕ್ಕವೇ ಅರ್ಧ. ನಿಜವಾಗಿ ನೂರಕ್ಕೆ 50 ಹಾಕುವ ತಾಕತ್ತಿರುವ ಹುಡುಗ ಒಂದು ದಿನ 10 ಶಾಟ್ ಹೊಡೆದರೆ, 3 ಅಥವಾ ಅದಕ್ಕಿಂತ ಕಡಿಮೆ ಬೀಳುವ ಸಾಧ್ಯತೆ ಸುಮಾರು ಆರರಲ್ಲಿ ಒಂದು. ನಾಣ್ಯ ಚಿಮ್ಮುವ ಲೆಕ್ಕವೇ ಇದು, ಬೇಕಾದರೆ ಮಾಡಿ ನೋಡಿ. ನಮ್ಮ ಟ್ರಯಲ್ಸ್‌ನಲ್ಲಿ ಮಾಡುವುದು ಇದನ್ನೇ ಅಲ್ವಾ? ಹತ್ತು ಶಾಟ್ ಹೊಡೆಸಿ, ಮೂರು ಬಿದ್ದವನನ್ನು ಮನೆಗೆ ಕಳಿಸುವುದು.

ಡಂಕ್ ಕನಸು (ಮೈಸೂರು)

ಮೈಕಲ್ ಜೋರ್ಡಾನ್‌ನನ್ನೇ ಸ್ಕೂಲ್ ಟೀಮಿನಿಂದ ಹೊರಗೆ ಹಾಕಿದ್ದರು ಗುರು. ಇನ್ನೇನು ಬೇಕು. ಚರ್ಚೆ ಮುಗೀತು 😄

ಬಾಕ್ಸ್‌ಔಟ್ (ಮೈಸೂರು)

ಎಲ್ಲಿ ಮುಗೀತು ಗುರು, ಆ ಕಥೆಯನ್ನು ಎಲ್ಲರೂ ಅರ್ಧ ಹೇಳಿ ಬಿಡುತ್ತಾರೆ. 1978ರಲ್ಲಿ ಜೋರ್ಡಾನ್ ಹತ್ತನೇ ಕ್ಲಾಸ್. ವಿಲ್ಮಿಂಗ್ಟನ್‌ನ ಲೇನಿ ಹೈಸ್ಕೂಲಿನ ದೊಡ್ಡ ಟೀಮಿಗೆ ಅವನ ವಯಸ್ಸಿನವರಲ್ಲಿ ಆಯ್ಕೆಯಾದದ್ದು ಲೆರಾಯ್ ಸ್ಮಿತ್ ಅನ್ನುವ ಹುಡುಗ. ಕಾರಣ ಎತ್ತರ. ಆದರೆ ಜೋರ್ಡಾನ್‌ನನ್ನು ಯಾರೂ ಮನೆಗೆ ಕಳಿಸಲಿಲ್ಲ. ಆ ಶಾಲೆಗೆ ಎರಡನೇ ಟೀಮ್ ಇತ್ತು, ಅದರಲ್ಲಿ ಹಾಕಿದರು. ದೊಡ್ಡ ಟೀಮಿನ ಬೆಂಚ್ ಬಿಸಿ ಮಾಡುವ ಬದಲು ಅಲ್ಲಿ ವರ್ಷಪೂರ್ತಿ ಬಾಲ್ ಕೈಯಲ್ಲಿ ಹಿಡಿದು ಆಡಿದ. ಆಮೇಲೆ ಉದ್ದ ಬೆಳೆದ. ನಮ್ಮಲ್ಲಿ ಎರಡನೇ ಟೀಮ್ ಎಲ್ಲಿದೆ? 12 ಹೆಸರಲ್ಲಿ ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು, ಟ್ಯೂಷನ್‌ಗೆ ಹೋಗು ಮಗನೇ.

ನನಗೆ ಜೋರ್ಡಾನ್‌ಗಿಂತ ಒಳ್ಳೆ ಉದಾಹರಣೆ 2013ರ ಎನ್‌ಬಿಎ ಡ್ರಾಫ್ಟ್, ಅಂದರೆ ಟೀಮುಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವ ಆಯ್ಕೆ. 11ನೇ ಆಯ್ಕೆ ಮೈಕಲ್ ಕಾರ್ಟರ್-ವಿಲಿಯಮ್ಸ್, ಫಿಲಡೆಲ್ಫಿಯಾಗೆ. 15ನೇ ಆಯ್ಕೆ ಗ್ರೀಸ್‌ನ ಯಾನಿಸ್ ಅಂಟೆಟೊಕೂಂಪೊ, ಮಿಲ್ವಾಕಿಗೆ.

ಕಾರ್ಟರ್-ವಿಲಿಯಮ್ಸ್ ತನ್ನ ಮೊದಲ ಮ್ಯಾಚ್‌ನಲ್ಲೇ ಆಗಿನ ಚಾಂಪಿಯನ್ ಮಯಾಮಿ ಎದುರು 22 ಪಾಯಿಂಟ್, 12 ಅಸಿಸ್ಟ್, 9 ಸ್ಟೀಲ್ (ಎದುರಾಳಿಯಿಂದ ಬಾಲ್ ಕಸಿಯುವುದು) ಮಾಡಿದ. ಆ ಸೀಸನ್ ಸರಾಸರಿ 16.7 ಪಾಯಿಂಟ್, 6.2 ರೀಬೌಂಡ್, 6.3 ಅಸಿಸ್ಟ್. ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಅವನಿಗೇ. ಯಾನಿಸ್ ಅದೇ ವರ್ಷ ಮಾಡಿದ್ದು ಮ್ಯಾಚ್‌ಗೆ 6.8 ಪಾಯಿಂಟ್. ಪಟ್ಟಿ ಇಟ್ಟು 12 ಹೆಸರು ಎಣಿಸುವವರು ಇದ್ದಿದ್ದರೆ ಯಾನಿಸ್ ಹೊರಗೆ.

ಮುಂದಿನದು ಎಲ್ಲರಿಗೂ ಗೊತ್ತು. ಯಾನಿಸ್ 2019 ಮತ್ತು 2020ರಲ್ಲಿ ಎಂವಿಪಿ (ಲೀಗ್‌ನ ವರ್ಷದ ಅತ್ಯುತ್ತಮ ಆಟಗಾರ). 2021ರ ಫೈನಲ್ಸ್‌ನ ಕೊನೆಯ ಮ್ಯಾಚ್‌ನಲ್ಲಿ 50 ಪಾಯಿಂಟ್ ಹೊಡೆದು ಕಪ್ ತಂದ. ಕಾರ್ಟರ್-ವಿಲಿಯಮ್ಸ್ ಒಂದು ಟೀಮಿನಿಂದ ಇನ್ನೊಂದಕ್ಕೆ ಅಲೆದ. ನಡುವೆ 2015ರಲ್ಲಿ ಯಾನಿಸ್‌ನ ಮಿಲ್ವಾಕಿಗೇ ಬಂದಿದ್ದ, ಅಲ್ಲೂ ನಿಲ್ಲಲಿಲ್ಲ.

ಆ ಮೊದಲ ವರ್ಷದ ಅಂಕಿ ಸುಳ್ಳಾಗಿರಲಿಲ್ಲ. ಆದರೆ ಫಿಲಡೆಲ್ಫಿಯಾ ಆ ವರ್ಷ 82ರಲ್ಲಿ ಗೆದ್ದದ್ದು 19. ಸತತ 26 ಮ್ಯಾಚ್ ಸೋತಿತ್ತು. ಮುಂದಿನ ಡ್ರಾಫ್ಟ್‌ನಲ್ಲಿ ಮೇಲಿನ ಆಯ್ಕೆ ಸಿಗಲಿ ಅಂತ ಸೋಲುವುದಕ್ಕೇ ಕಟ್ಟಿದ ಟೀಮು, ಲೀಗ್‌ನಲ್ಲೇ ಎಲ್ಲರಿಗಿಂತ ಜೋರು ಓಟ, ಬಾಲ್ ಯಾವಾಗಲೂ ಇವನ ಕೈಯಲ್ಲಿ. ಜಾಸ್ತಿ ಓಡಿದರೆ ಜಾಸ್ತಿ ಸಲ ಬಾಲ್ ಸಿಗುತ್ತದೆ, ಜಾಸ್ತಿ ಸಿಕ್ಕಿದರೆ ಎಲ್ಲ ಕಾಲಂನಲ್ಲೂ ಅಂಕಿ ತುಂಬುತ್ತದೆ. ಅವನ ದೂರದ ಶಾಟ್ ಮಾತ್ರ ಆಗಲೂ ಬೀಳುತ್ತಿರಲಿಲ್ಲ.

ಅಂಕಿ ಮಹಾಶಯ

ಬಾಕ್ಸ್‌ಔಟ್, ಉದಾಹರಣೆ ಚೆನ್ನಾಗಿದೆ. ಆದರೆ ನಿಮ್ಮ ಕಡೆ ಎಳೆದುಕೊಂಡಿದ್ದೀರಿ. ಎರಡು ಮಾತು.

ಒಂದು. ‘ದೂರದ ಶಾಟ್ ಬೀಳುತ್ತಿರಲಿಲ್ಲ’ ಅಂತ ನಿಮಗೆ ಗೊತ್ತಾದದ್ದು ಹೇಗೆ? ಅದೂ ಅಂಕಿಯೇ. ಪಾಯಿಂಟ್ ಕಾಲಂ ಬಿಟ್ಟು ಶೂಟಿಂಗ್ ಶೇಕಡಾವಾರು ನೋಡಿದವರಿಗೆ ಆ ವರ್ಷವೇ ಅನುಮಾನ ಬಂದಿತ್ತು.

ಎರಡು. ಯಾನಿಸ್ ಕೂಡ ಬೆಂಚ್ ಮೇಲೆ ಕೂತಿರಲಿಲ್ಲ. ಮಿಲ್ವಾಕಿ ಆ ವರ್ಷ ಗೆದ್ದದ್ದು ಬರೀ 15 ಮ್ಯಾಚ್. ಫಿಲಡೆಲ್ಫಿಯಾಗಿಂತ ಕಡೆ. ಅದರಲ್ಲಿ ಅವನಿಗೆ ಮ್ಯಾಚ್‌ಗೆ ಸುಮಾರು 24 ನಿಮಿಷ ಸಿಕ್ಕಿತ್ತು. ಅವಕಾಶ ಇಬ್ಬರಿಗೂ ಇತ್ತು. ಒಬ್ಬ ಬೆಳೆದ, ಇನ್ನೊಬ್ಬ ನಿಂತ. ಕಾರ್ಟರ್-ವಿಲಿಯಮ್ಸ್‌ಗೆ ಭುಜ, ಸೊಂಟದ ಆಪರೇಷನ್ ಬೇರೆ ಆಗಿತ್ತು, ಅದನ್ನೂ ಹೇಳಬೇಕು. ಹಾಗಾಗಿ ‘ಅವಕಾಶ ಕೊಟ್ಟರೆ ಎಲ್ಲರೂ ಬೆಳೆಯುತ್ತಾರೆ’ ಅನ್ನುವುದು ಬರೀ ಸಮಾಧಾನದ ಮಾತು.

ಬಾಕ್ಸ್‌ಔಟ್

ಎಲ್ಲರೂ ಬೆಳೆಯುತ್ತಾರೆ ಅಂತ ನಾನು ಹೇಳಿಲ್ಲ ಸರ್. ಯಾರು ಬೆಳೆಯುತ್ತಾರೆ ಅಂತ ಮೊದಲೇ ಹೇಳಲು ಆಗುವುದಿಲ್ಲ ಅಂತ ಹೇಳುತ್ತಿದ್ದೇನೆ. ಕೋಟಿಗಟ್ಟಲೆ ದುಡ್ಡು ಸುರಿದು ಊರೂರು ಸ್ಕೌಟ್ ಇಟ್ಟಿರುವವರೇ ಯಾನಿಸ್‌ಗಿಂತ ಮೊದಲು 14 ಜನರನ್ನು ಆರಿಸಿದರು. ನಾವು ಒಂದು ಭಾನುವಾರ ಬೆಳಗ್ಗೆ ಟೀ ಕುಡಿಯುತ್ತಾ 13 ವರ್ಷದ ಹುಡುಗನ ಹಣೆಬರಹ ಬರೆಯುತ್ತೇವೆ.

ಪಿಟಿ ಮೇಷ್ಟ್ರು (ಪಾಂಡವಪುರ ಕಡೆ)

ದೊಡ್ಡ ದೊಡ್ಡ ಹೆಸರು ಬರುತ್ತಿವೆ. ನಾನು ಸರ್ಕಾರಿ ಹೈಸ್ಕೂಲಿನವನು, ನನಗೆ ಕಂಡದ್ದು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಶಾಲಾ ಕ್ರೀಡಾಕೂಟಗಳಲ್ಲಿ 14, 17, 19 ಅಂತ ವಯಸ್ಸಿನ ಗುಂಪು. ಲೆಕ್ಕ ಕ್ಯಾಲೆಂಡರ್ ವರ್ಷದ್ದು. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ದೊಡ್ಡವರಿಗೆ ಒಂದು ವರ್ಷ ಏನೂ ಅಲ್ಲ. 13ರಲ್ಲಿ ಒಂದು ವರ್ಷ ಅಂದರೆ ಒಂದು ಗೇಣು ಎತ್ತರ ಆಗಬಹುದು. ಕೆನಡಾದಲ್ಲಿ ರಾಜರ್ ಬಾರ್ನ್ಸ್‌ಲಿ ಮತ್ತು ಜೊತೆಯವರು 1980ರ ದಶಕದಲ್ಲೇ ಐಸ್ ಹಾಕಿ ಹುಡುಗರ ಹುಟ್ಟಿದ ತಿಂಗಳು ನೋಡಿದ್ದರು. ಒಳ್ಳೆ ಟೀಮುಗಳಲ್ಲಿ ವರ್ಷದ ಶುರುವಿನ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ. ಮೊದಲು ದೊಡ್ಡವನಾಗಿದ್ದ ಅಂತ ಆರಿಸಿದರು, ಆರಿಸಿದ್ದಕ್ಕೆ ಒಳ್ಳೆ ಕೋಚಿಂಗ್ ಸಿಕ್ಕಿತು, ಕೋಚಿಂಗ್ ಸಿಕ್ಕಿದ್ದಕ್ಕೆ ಆಮೇಲೆ ನಿಜವಾಗಿಯೂ ಚೆನ್ನಾಗಿ ಆಡಿದ. ಆಗ ಆರಿಸಿದವರು ‘ನೋಡಿ, ನಾವು ಹೇಳಿರಲಿಲ್ವಾ’ ಅನ್ನುತ್ತಾರೆ.

ಹುಟ್ಟಿದ ತಾರೀಖು ಒಂದೇ ಆದರೂ ದೇಹ ಒಂದೇ ಸಮಕ್ಕೆ ಬೆಳೆಯುವುದಿಲ್ಲ. ಹುಡುಗಿಯರು ಸುಮಾರು 12ಕ್ಕೆ, ಹುಡುಗರು ಸುಮಾರು 14ಕ್ಕೆ ಜೋರಾಗಿ ಎತ್ತರ ಆಗುತ್ತಾರೆ. ಕೆಲವರಿಗೆ ಅದು ಒಂದೆರಡು ವರ್ಷ ಮೊದಲು, ಕೆಲವರಿಗೆ ಒಂದೆರಡು ವರ್ಷ ತಡ. ಆ ಹೊತ್ತಿನಲ್ಲಿ ವರ್ಷಕ್ಕೆ 8, 10 ಸೆಂಟಿಮೀಟರ್ ಏರುವುದುಂಟು. ಆಗ ಇನ್ನೊಂದು ತಮಾಷೆ ಆಗುತ್ತದೆ. ಹೋದ ವರ್ಷ ಚೆನ್ನಾಗಿ ಲೇಅಪ್ (ಓಡಿ ಬಂದು ರಿಂಗ್ ಹತ್ತಿರದಿಂದ ಹಾಕುವ ಶಾಟ್) ಹಾಕುತ್ತಿದ್ದವನಿಗೆ ಈ ವರ್ಷ ಕಾಲೇ ಮಾತು ಕೇಳುವುದಿಲ್ಲ. ಎಡವುತ್ತಾನೆ, ಬಾಲ್ ಬಿಡುತ್ತಾನೆ. ಮಂಡಿ ಕೆಳಗೆ ನೋವು ಅನ್ನುತ್ತಾನೆ, ನಮ್ಮ ಸಿಮೆಂಟ್ ಕೋರ್ಟ್‌ನಲ್ಲಿ ಅದು ಇನ್ನೂ ಜಾಸ್ತಿ. ಅಂಕಿ ದಿಢೀರನೆ ಬೀಳುತ್ತದೆ. ‘ಮೊಬೈಲ್ ಜಾಸ್ತಿ ಆಯ್ತು ಇವನಿಗೆ’ ಅಂತ ಮನೆಯಲ್ಲಿ ಬೈಗುಳ. ಅವನು ಬೆಳೆಯುತ್ತಿದ್ದಾನೆ ಅಷ್ಟೇ. ಆ ವರ್ಷ ಅವನನ್ನು ಬಿಟ್ಟರೆ ವಾಪಸ್ ಬರುವುದಿಲ್ಲ.

ಇನ್ನು ರಿಂಗ್. ಫಿಬಾದ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಕ್ಕಳಿಗೆ ರಿಂಗ್ 2.60 ಮೀಟರ್, ಬಾಲ್ 5ನೇ ಸೈಜ್. ನಮ್ಮಲ್ಲಿ ಐದನೇ ಕ್ಲಾಸಿನವನಿಗೂ 3.05 ಮೀಟರ್ ರಿಂಗ್, ಅವನ ತಲೆಗಿಂತ ದೊಡ್ಡದಾದ 7ನೇ ಸೈಜ್ ಬಾಲ್. ಸಣ್ಣ ಹುಡುಗ ಸೊಂಟದಿಂದ ಎತ್ತಿ ಎಸೆಯುತ್ತಾನೆ, ಇನ್ನೇನು ಮಾಡುತ್ತಾನೆ? ಆ ತಪ್ಪು ಕೈವರಸೆಯೇ ರೂಢಿಯಾಗುತ್ತದೆ. ಆಮೇಲೆ ಅವನ ಎದುರು ನಾವೇ ಬರೆಯುತ್ತೇವೆ: ಶೂಟಿಂಗ್ ಇಲ್ಲ.

ನಾಟಿ ಹಾಕಿದ ವಾರಕ್ಕೇ ಗದ್ದೆ ಬದುವಿನಲ್ಲಿ ನಿಂತು ಎಷ್ಟು ಕ್ವಿಂಟಾಲ್ ಬಂತು ಅಂತ ಕೇಳಿದ ಹಾಗಿದೆ ಈ ಪಟ್ಟಿ.

ಒಬ್ಬ ಅಮ್ಮ (ಕುವೆಂಪುನಗರ)

ನಾನು ಆಡಿದವಳಲ್ಲ, ನೋಡುವವಳು. ಮಗ ಆಡುತ್ತಾನೆ. ನೀವೆಲ್ಲ ಪಟ್ಟಿಯ ಕೆಳಗಿರುವ ಹುಡುಗರ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಮಗ ಮೇಲಿರುವವನು.

ಅವನು 12ಕ್ಕೇ ನನಗಿಂತ ಉದ್ದ ಆದ. ಅವತ್ತಿನಿಂದ ಅವನ ಜಾಗ ರಿಂಗ್ ಕೆಳಗೆ. ಕೈ ಎತ್ತಿ ನಿಲ್ಲು, ಬಾಲ್ ಬರುತ್ತದೆ, ಹಾಕು. ಮ್ಯಾಚ್ ಗೆಲ್ಲುತ್ತಾರೆ, ಎಲ್ಲರೂ ಬೆನ್ನು ತಟ್ಟುತ್ತಾರೆ. ಮನೆಯಲ್ಲಿ ಮೆಡಲ್ ಇವೆ. ಆದರೆ ಅವನಿಗೆ ಕೋರ್ಟ್‌ನ ಆ ತುದಿಯಿಂದ ಈ ತುದಿಗೆ ಡ್ರಿಬಲ್ ಮಾಡಿಕೊಂಡು ಬರಲು ಗೊತ್ತಿಲ್ಲ. ಎಡಗೈ ಇದ್ದೂ ಇಲ್ಲ. ಡ್ರಿಬಲ್ ಮಾಡಲು ಹೋದರೆ ಬೆಂಚಿನಿಂದ ಕೂಗು, ‘ಏಯ್, ಬಾಲ್ ಗಾರ್ಡ್‌ಗೆ ಕೊಡೋ!’ ಗಾರ್ಡ್ ಅಂದರೆ ಬಾಲ್ ತಂದು ಆಟ ನಡೆಸುವವನು.

ಅವನ ಅಪ್ಪ 5 ಅಡಿ 7 ಇಂಚು. ನಾನು ಅದಕ್ಕಿಂತ ಗಿಡ್ಡ. ಮಗ ಇನ್ನು ಎಷ್ಟು ಬೆಳೆಯುತ್ತಾನೆ? ಹೋದ ವರ್ಷದಿಂದ ಅವನ ಎತ್ತರ ಹೆಚ್ಚು ಕಡಿಮೆ ಹಾಗೇ ಇದೆ. ಸ್ನೇಹಿತರು ಒಬ್ಬೊಬ್ಬರಾಗಿ ಅವನ ಸಮಕ್ಕೆ ಬರುತ್ತಿದ್ದಾರೆ. 17 ವರ್ಷದ ಗುಂಪಿಗೆ ಹೋದಾಗ ರಿಂಗ್ ಕೆಳಗೆ ಇವನಿಗಿಂತ ಉದ್ದದವರು ಇರುತ್ತಾರೆ, ಹೊರಗಡೆ ಆಡಲು ಇವನಿಗೆ ಯಾರೂ ಕಲಿಸಿಲ್ಲ. ಆಗ ಎಲ್ಲಿ ನಿಲ್ಲುತ್ತಾನೆ? ಇದನ್ನು ಕೇಳಿದರೆ ‘ಮೇಡಂ, ಈಗ ಪಾಯಿಂಟ್ ಬರ್ತಿದೆಯಲ್ಲ, ಯಾಕೆ ಚಿಂತೆ’ ಅನ್ನುತ್ತಾರೆ.

ಪಿಟಿ ಮೇಷ್ಟ್ರು

ಅಮ್ಮ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಇಂಥ ಹುಡುಗರನ್ನು ನಾನು ಎಷ್ಟೋ ನೋಡಿದ್ದೇನೆ. ಎಂಟನೇ ಕ್ಲಾಸಿನಲ್ಲಿ ಜಿಲ್ಲೆಗೇ ಹೀರೋ, ಪಿಯುಸಿಯಲ್ಲಿ ಗ್ರೌಂಡ್ ಕಡೆಗೇ ಬರುವುದಿಲ್ಲ. ಪಟ್ಟಿ ಕೆಳಗಿನವನನ್ನು ಹೊರಗೆ ಹಾಕುತ್ತದೆ, ಮೇಲಿನವನನ್ನು ಒಂದೇ ಜಾಗದಲ್ಲಿ ಕಟ್ಟಿಹಾಕುತ್ತದೆ.

ಹಳೇ ಪಾಯಿಂಟ್ ಗಾರ್ಡ್

ಅಕ್ಕ, ಈ ಕಡೆಯಿಂದ ನಾವ್ಯಾರೂ ಯೋಚನೆಯೇ ಮಾಡಿರಲಿಲ್ಲ. ಮೇಲೆ ಯಾನಿಸ್ ಮಾತು ಬಂತಲ್ಲ. ಸುಮಾರು 6 ಅಡಿ 11 ಇಂಚಿನ ಆಳು. ಮಿಲ್ವಾಕಿಯಲ್ಲಿ ಅವನ ಆಗಿನ ಕೋಚ್ ಜೇಸನ್ ಕಿಡ್ ಸ್ವತಃ ಹಳೇ ಪಾಯಿಂಟ್ ಗಾರ್ಡ್. ರಿಂಗ್ ಕೆಳಗೆ ನಿಲ್ಲಿಸುವ ಬದಲು ಬಾಲ್ ಕೈಗೆ ಕೊಟ್ಟು ನೀನೇ ಆಟ ನಡೆಸು ಅಂದರು. ಅಷ್ಟು ಉದ್ದದವನಿಗೇ ಹಾಗೆ ಮಾಡಿದರು. ನಮ್ಮ ಹುಡುಗರು ಕೊನೆಗೆ 5 ಅಡಿ 9, 10ಕ್ಕೆ ನಿಲ್ಲುವವರು. ಇವರನ್ನು ಸೆಂಟರ್ (ರಿಂಗ್ ಕೆಳಗೆ ಆಡುವವರು) ಮಾಡಿ ಕೂರಿಸುತ್ತೇವೆ.

ಎತ್ತರ ನೋಡಿ ಕನಸು ಕಟ್ಟುವುದು ನಮ್ಮ ದೇಶದ ದೊಡ್ಡ ಮಟ್ಟದಲ್ಲೂ ಇದೆ. ಪಂಜಾಬಿನ ಸತ್ನಾಮ್ ಸಿಂಗ್, 7 ಅಡಿ 2 ಇಂಚು. 2010ರಲ್ಲಿ ಹದಿಹರೆಯದಲ್ಲೇ ಅಮೆರಿಕಕ್ಕೆ ಕಳಿಸಿದರು. 2015ರಲ್ಲಿ ಡಲ್ಲಾಸ್ 52ನೇ ಆಯ್ಕೆಯಾಗಿ ತೆಗೆದುಕೊಂಡಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಅದು ದೊಡ್ಡ ವಿಷಯವೇ, ಕಡಿಮೆ ಮಾಡುತ್ತಿಲ್ಲ. ಆದರೆ ಎನ್‌ಬಿಎಯಲ್ಲಿ ಒಂದು ಮ್ಯಾಚೂ ಆಡಲಿಲ್ಲ. ದೊಡ್ಡ ಆಳುಗಳೂ ಓಡಬೇಕು, ಹೊರಗೆ ಬಂದು ಶೂಟ್ ಮಾಡಬೇಕು ಅನ್ನುವ ಕಡೆಗೆ ಆಟ ಅಷ್ಟರಲ್ಲಿ ತಿರುಗಿತ್ತು.

12ನೇ ನಂಬರ್ ಜೆರ್ಸಿ (ಮಂಡ್ಯ)

ಇಷ್ಟು ಹೊತ್ತೂ ‘ಹುಡುಗ, ಹುಡುಗ’. ಹುಡುಗಿಯರು ಈ ಆಟ ಆಡುತ್ತಾರೆ ಅಂತ ಯಾರಿಗಾದರೂ ನೆನಪಿದೆಯಾ?

ನಮ್ಮ ಕಥೆಯಲ್ಲಿ ಸರಾಸರಿ ಅನ್ನುವುದೇ ಹಾಸ್ಯ. ನಾನು ಶಾಲೆಯಲ್ಲಿ ಆಡುವಾಗ ತಾಲ್ಲೂಕಿನಲ್ಲಿ ಹುಡುಗಿಯರ ಟೀಮು ಇರುತ್ತಿದ್ದದ್ದೇ ಒಂದೆರಡು. ಒಂದು ಮ್ಯಾಚ್ ಆಡಿ ಗೆದ್ದರೆ ನೇರ ಜಿಲ್ಲೆ. ಎದುರು ಟೀಮ್ ಬರದಿದ್ದರೆ ಆಡದೆಯೇ ಜಿಲ್ಲೆ. ಒಂದು ಮ್ಯಾಚ್‌ನ ಅಂಕಿ ಹಿಡಿದು ಇವಳು ಹೀಗೆ, ಅವಳು ಹಾಗೆ ಅಂತ ತೀರ್ಮಾನ. ಗ್ರೌಂಡ್‌ನಲ್ಲಿ ಇರುವುದು ಹುಡುಗರ 7ನೇ ಸೈಜ್ ಬಾಲ್. ಮ್ಯಾಚ್‌ಗೆ ಮಾತ್ರ 6ನೇ ಸೈಜ್ ಸಿಗುತ್ತದೆ. ಪ್ರ್ಯಾಕ್ಟೀಸ್ ಒಂದು ಬಾಲ್‌ನಲ್ಲಿ, ಪರೀಕ್ಷೆ ಇನ್ನೊಂದರಲ್ಲಿ. ಅದರ ಮೇಲೆ ಶೂಟಿಂಗ್ ಶೇಕಡಾ ಎಷ್ಟು ಅಂತ ಕೇಳುತ್ತೀರಿ!

ಅವಕಾಶ ಅಂದರೆ ಕೋರ್ಟ್‌ನ ನಿಮಿಷ ಅಷ್ಟೇ ಅಂದುಕೊಂಡಿದ್ದೀರಿ. ನಮಗೆ ಅದು ಕೋರ್ಟ್‌ಗೆ ಬಂದು ಸೇರುವುದರಿಂದಲೇ ಶುರು. ಸಂಜೆ ಆರೂವರೆಗೆ ಪ್ರ್ಯಾಕ್ಟೀಸ್ ಬಿಟ್ಟರೆ ಹಳ್ಳಿಗೆ ಬಸ್ ಎಷ್ಟೊತ್ತಿಗೆ? ಸ್ಟಾಪಿನಿಂದ ಮನೆವರೆಗೆ ಬೀದಿ ದೀಪ ಇದೆಯಾ? 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡಿನ ನೆಪ ಹೋಯಿತು. ನಾನು ಈಗ ವಾರಾಂತ್ಯದಲ್ಲಿ ಹೇಳಿಕೊಡುವ ಮಕ್ಕಳಲ್ಲಿ ಸುತ್ತಮುತ್ತಲ ಹಳ್ಳಿಯಿಂದ ಬರುವವರು ಮೊದಲಿಗಿಂತ ಜಾಸ್ತಿ. ಮಕ್ಕಳು ಅವರೇ, ಬಸ್ಸು ಮಾತ್ರ ಫ್ರೀ ಆಯಿತು. ಯಾವ ಪಟ್ಟಿ ಇದನ್ನು ಹಿಡಿಯುತ್ತದೆ ಹೇಳಿ.

ಆಮೇಲೆ ಎಸ್ಸೆಸ್ಸೆಲ್ಸಿ. ಒಂಬತ್ತು ಮುಗಿದ ತಕ್ಷಣ ‘ಸಾಕು ಆಟ’. ಹುಡುಗಿಗೆ ಕಲಿಸಿ ಏನು, ಹೇಗೂ ಬಿಡುತ್ತಾಳೆ ಅಂತ ಕೋಚ್‌ಗಳೂ ಮೊದಲೇ ಕೈ ಬಿಡುತ್ತಾರೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಮಹಿಳಾ ಏಷ್ಯಾ ಕಪ್‌ನ ಬಿ ಡಿವಿಜನ್ ಆಯಿತಲ್ಲ, ಫೈನಲ್‌ನಲ್ಲಿ ನಮ್ಮವರು ಕಜಕಸ್ತಾನವನ್ನು 75–73ಕ್ಕೆ ಸೋಲಿಸಿ ಎ ಡಿವಿಜನ್‌ಗೆ ಹೋದರು. ಆ ಟೀಮಿನಲ್ಲಿ ಇದ್ದ ಒಬ್ಬೊಬ್ಬರ ಹಿಂದೆಯೂ ‘ಹತ್ತನೇ ಕ್ಲಾಸಾದರೂ ಪರವಾಗಿಲ್ಲ, ಆಡಲಿ’ ಅಂದ ಒಂದು ಮನೆ ಇದ್ದೇ ಇರಬೇಕು.

ಡಂಕ್ ಕನಸು

ಅಕ್ಕ ಸೂಪರ್. ಒಂದು ಪ್ರಶ್ನೆ, ಇಷ್ಟೆಲ್ಲ ಗೊತ್ತಿದ್ದೂ ಕೋಚ್‌ಗಳು ಯಾಕೆ ಬರೀ ಉದ್ದ ಹುಡುಗರನ್ನೇ ಆಡಿಸುತ್ತಾರೆ?

ಪಿಟಿ ಮೇಷ್ಟ್ರು

ಕಪ್ ಬೇಕಲ್ಲಪ್ಪ. ಕಪ್ ಬಂದರೆ ಆಡಳಿತ ಮಂಡಳಿಯವರ ಜೊತೆ ಪೇಪರ್‌ನಲ್ಲಿ ಫೋಟೋ. ‘ಈ ವರ್ಷ ಹತ್ತು ಹುಡುಗರು ಎಡಗೈ ಲೇಅಪ್ ಕಲಿತರು’ ಅಂತ ಯಾವ ಪೇಪರ್‌ನವರು ಹಾಕುತ್ತಾರೆ? ಖಾಸಗಿ ಶಾಲೆಯಾದರೆ ಕಪ್ ಬರದ ಕೋಚ್‌ಗೆ ಮುಂದಿನ ಜೂನ್‌ನಲ್ಲಿ ಕೆಲಸ ಇರುವುದೂ ಅನುಮಾನ.

ಇನ್ನೊಂದು ಕಡೆ ಸರ್ಟಿಫಿಕೇಟ್. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ಪಾಲಕರಲ್ಲಿ ಕೆಲವರಿಗೆ ಹುಡುಗ ಆಡಿದನಾ ಇಲ್ಲವಾ ಬೇಡ, ಸರ್ಟಿಫಿಕೇಟ್‌ನಲ್ಲಿ ಹೆಸರು ಬಂದರೆ ಸಾಕು. 12ರಲ್ಲಿ ಎರಡು ಮೂರು ಜಾಗ ಹೀಗೇ ಹೋಗುತ್ತದೆ. ಇದಕ್ಕಿಂತ ಜಾಸ್ತಿ ಇಲ್ಲಿ ಬರೆಯುವುದಿಲ್ಲ, ನೌಕರಿ ಮಾಡಬೇಕು ನಾನು.

ಅಂಕಿ ಮಹಾಶಯ

ನೋಡಿದಿರಾ? ನಾನು ಮೊದಲ ಪೋಸ್ಟ್‌ನಲ್ಲಿ ಹೇಳಿದ್ದು ಇದನ್ನೇ. ನಾಳೆ ‘ಬೆಳವಣಿಗೆ ನೋಡಿ ಆರಿಸುತ್ತೇವೆ’ ಅಂತ ಶುರು ಮಾಡಿದರೆ ಆ ಎರಡು ಮೂರು ಜಾಗ ಐದಾರು ಆಗುತ್ತದೆ. ಮೇಷ್ಟ್ರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ದೇಹದ ಬೆಳವಣಿಗೆ, ರಿಂಗ್ ಎತ್ತರ, ಎಲ್ಲ ಸರಿ. ಆದರೆ ಈ ಜ್ಞಾನ ಮೇಷ್ಟ್ರ ಕೈಯಲ್ಲಿದ್ದರೆ ಒಳ್ಳೆಯದು, ಬೇರೆಯವರ ಕೈಯಲ್ಲಿ ಅದೇ ನೆಪ ಆಗುತ್ತದೆ.

ಹಳೇ ಪಾಯಿಂಟ್ ಗಾರ್ಡ್

ಅಂಕಿ ಸರ್, ಆ ಭಯ ನನಗೂ ಇದೆ. ಅದಕ್ಕೇ ಕಮಿಟಿ ಮುಂದೆ ಹೀಗೆ ಇಡೋಣ ಅಂದುಕೊಂಡಿದ್ದೇನೆ.

ಹೋದ ವರ್ಷದ ಪಟ್ಟಿ ಪಕ್ಕಕ್ಕಿಡುವುದು. ಅದರಲ್ಲಿ ನಿಮಿಷ ಇಲ್ಲ, ಹಾಗಾಗಿ ಅದು ಹುಡುಗರ ಆಟಕ್ಕಿಂತ ಜಾಸ್ತಿ ನಮ್ಮ ಹಳೇ ಕೋಚ್‌ನ ಇಷ್ಟವನ್ನೇ ತೋರಿಸುತ್ತದೆ. ಅದರ ಬದಲು ಬಂದವರನ್ನೆಲ್ಲ ಸಮನಾಗಿ ಟೀಮು ಮಾಡಿ ನಮ್ಮನಮ್ಮಲ್ಲೇ ಮ್ಯಾಚ್. ಪ್ರತಿಯೊಬ್ಬನಿಗೂ ಮೊದಲ ಮೂರು ಕ್ವಾರ್ಟರ್‌ನಲ್ಲಿ ಕನಿಷ್ಠ ಒಂದು ಪೂರ್ತಿ ಕ್ವಾರ್ಟರ್, 10 ನಿಮಿಷ. ಮಧ್ಯದಲ್ಲಿ ತೆಗೆಯುವ ಹಾಗಿಲ್ಲ. ಉದ್ದದವರು ಒಂದು ಮ್ಯಾಚ್ ಆದರೂ ಬಾಲ್ ತರುವ ಕೆಲಸ ಮಾಡಬೇಕು, ಸಣ್ಣವರು ಒಳಗೆ ಬಾಕ್ಸ್ ಔಟ್ ಮಾಡಬೇಕು, ಅಂದರೆ ಎದುರಾಳಿಯನ್ನು ಬೆನ್ನಿನಿಂದ ತಡೆದು ರಿಂಗ್ ಹತ್ತಿರದ ಜಾಗ ಹಿಡಿಯಬೇಕು. ಯಾರು ಏನು ಕಲಿಯುತ್ತಾರೆ ಅಂತ ಅಲ್ಲೇ ಕಾಣುತ್ತದೆ.

12 ಆರಿಸಿದ ಮೇಲೂ ಉಳಿದವರನ್ನು ಕಳಿಸುವುದಿಲ್ಲ. ಅದೇ ಕೋರ್ಟ್, ಅದೇ ಪ್ರ್ಯಾಕ್ಟೀಸ್. ದಸರಾ ರಜೆ ಮುಗಿದ ಮೇಲೆ ಮತ್ತೆ ಆಯ್ಕೆ, ಆಗ ಪಟ್ಟಿ ಬದಲಾಗಬಹುದು. ಕಪ್ ಒಂದು ವರ್ಷ ತಡವಾಗಿ ಬಂದರೆ ಬರಲಿ. ಕಮಿಟಿಯಲ್ಲಿ ಇದಕ್ಕೆ ಇಬ್ಬರು ಒಪ್ಪಿದ್ದಾರೆ, ಎಕ್ಸೆಲ್‌ನವರು ಇನ್ನೂ ಒಪ್ಪಿಲ್ಲ.

ಸ್ಕೋರ್‌ಟೇಬಲ್

ನಿಮಿಷ ಬರೆಯಲು ಲ್ಯಾಪ್‌ಟಾಪ್ ಬೇಕಾಗಿಲ್ಲ. ಒಂದು ಬಿಳಿ ಹಾಳೆ. ಹುಡುಗ ಒಳಗೆ ಹೋದಾಗ ಗಡಿಯಾರದಲ್ಲಿ ಎಷ್ಟಿತ್ತು, ಹೊರಗೆ ಬಂದಾಗ ಎಷ್ಟಿತ್ತು, ಅಷ್ಟು ಬರೆದುಕೊಂಡರೆ ಸಾಕು. ಇನ್ನೊಬ್ಬರು ಮಿಸ್ ಆದ ಶಾಟ್ ಮತ್ತು ಕಳೆದುಕೊಂಡ ಬಾಲ್‌ಗೆ ಗೀಟು ಹಾಕಲಿ. ರೀಬೌಂಡ್ ಬರೆಯುವುದು ಕೇಳುವುದಕ್ಕೆ ಸುಲಭ, ಮೂರು ಜನ ಹಾರಿದಾಗ ಯಾರದ್ದು ಅಂತ ಜಗಳ ಶುರುವಾಗುತ್ತದೆ. ಹೊಸಬರಿಗೆ ಅದನ್ನು ಕೊಡಬೇಡಿ. ಭಾನುವಾರ ನಾನು ಬೆಳಗಿನ ಟ್ರೈನಿಗೆ ಬರುತ್ತೇನೆ, ಒಂದು ಮ್ಯಾಚ್ ಕೂತು ತೋರಿಸುತ್ತೇನೆ.

ಒಬ್ಬ ಅಮ್ಮ

ನಿಮಿಷ ಬರೆಯುವ ಕೆಲಸ ನನಗೆ ಕೊಡಿ. ಹೇಗೂ ಎರಡು ಗಂಟೆ ಮೆಟ್ಟಿಲ ಮೇಲೆ ಸುಮ್ನೆ ಕೂತಿರುತ್ತೇನೆ. ಮಗ ಆಡುವ ಮ್ಯಾಚ್‌ನಲ್ಲಿ ಬೇಡ, ಬೇರೆಯದರಲ್ಲಿ.

ಅಂಕಿ ಮಹಾಶಯ

ಬರೆದದ್ದನ್ನು ಕಮಿಟಿ ಫೈಲಿನಲ್ಲಿ ಇಟ್ಟು ಬೀಗ ಹಾಕುವುದಾದರೆ ನನಗೆ ಇದರಲ್ಲಿ ನಂಬಿಕೆ ಇಲ್ಲ. ಯಾರು ಎಷ್ಟು ನಿಮಿಷ ಆಡಿದರು, ಯಾಕೆ ತೆಗೆದುಕೊಂಡಿರಿ, ಯಾಕೆ ಬಿಟ್ಟಿರಿ, ಒಬ್ಬೊಬ್ಬನಿಗೂ ಎರಡೆರಡು ಸಾಲು ಬರೆದು ಅವನ ಅಪ್ಪ ಅಮ್ಮನ ಕೈಗೆ ಕೊಡಬೇಕು. ನಾಲ್ಕೂ ಜನ ಸಹಿ ಹಾಕಬೇಕು. ಆಗ ಒಪ್ಪುತ್ತೇನೆ.

ಹಳೇ ಪಾಯಿಂಟ್ ಗಾರ್ಡ್

ಸಹಿ ವಿಷಯ ಕಮಿಟಿಯಲ್ಲಿ ಕೇಳಿ ಹೇಳುತ್ತೇನೆ. ಒಬ್ಬರು ಖಂಡಿತ ಕುಣಿದಾಡುತ್ತಾರೆ. ಟೇಬಲ್ ಸರ್, ಭಾನುವಾರ ಏಳಕ್ಕೆ ಶುರು. ಬಿಸಿಲೇರಿದರೆ ಸಿಮೆಂಟ್ ಮೇಲೆ ಮಕ್ಕಳನ್ನು ಆಡಿಸಲು ಆಗುವುದಿಲ್ಲ. ಸ್ಟೇಷನ್‌ಗೆ ಗಾಡಿ ಕಳಿಸುತ್ತೇನೆ, ಇಳಿದ ತಕ್ಷಣ ಮೆಸೇಜ್ ಹಾಕಿ.